ಬೇಲಿಯಾಚೆಯ ನೀಲಗಿರಿ

ಮೂರು ದಿನದಿಂದ ನನ್ನ ಗಂಡ ರವಿಗೆ ನೆಗಡಿ. ಬೆಳಿಗ್ಗೆ ಬಿಸಿನೀರಿಗೆ ನಾಲ್ಕು ತೊಟ್ಟು ನೀಲಗಿರಿ ಎಣ್ಣೆ ಬಿಟ್ಟು, ತಲೆಯ ಮೇಲೆ ಟವೆಲ್ ಮುಚ್ಚಿಕೊಂಡು ಕೂತ. ಆ ವಾಸನೆಗೆ ನಿಮಗೆ ಅಜ್ಜಿಯೋ ಅಮ್ಮನೋ ನೆನಪಾಗಬಹುದು. ನನಗೆ ಅಂಗೈ ಉರಿಯುತ್ತದೆ. ಜೋನ್ ನೆನಪಾಗುತ್ತಾರೆ, ಅವರ ಮುರಿದ ಮಣಿಕಟ್ಟು ನೆನಪಾಗುತ್ತದೆ.

ನಾವು ಕಡಲು ದಾಟಿ ಬಂದ ವೆಲಿಂಗ್ಟನ್ ನಗರದ ಪಕ್ಕದ ಲೋವರ್ ಹಟ್‌ನ ಗುಡ್ಡದ ಇಳಿಜಾರಿನಲ್ಲಿ ನಮ್ಮ ಬಾಡಿಗೆ ಮನೆ, ಬೇಲಿಯಾಚೆ ಜೋನ್ ಅವರದು. ಎಪ್ಪತ್ತು ದಾಟಿದವರು, ಒಬ್ಬರೇ ಇದ್ದರು, ಹಿಂದೆ ನರ್ಸ್ ಆಗಿದ್ದವರು. ರೂಢಿಬಲದಿಂದ ಒಮ್ಮೆ ಆಂಟಿ ಅಂದುಬಿಟ್ಟಿದ್ದೆ. ನಾನು ಯಾವಾಗ ನಿಮ್ಮಮ್ಮನ ತಂಗಿಯಾದೆ ಎಂದು ಕೇಳಿ ನಕ್ಕಿದ್ದರು. ಅಲ್ಲಿಂದ ಬರಿಯ ಜೋನ್.

ಒಂದು ರಾತ್ರಿಯ ಗಾಳಿಗೆ ಅವರ ಹಿತ್ತಿಲಿನ ನೀಲಗಿರಿ ಬುಡಸಮೇತ ಬಿತ್ತು. ಮರ ಕಡಿಯುವವರು ಬಂದು ಕಾಂಡವನ್ನು ಗಾಲಿಯಂಥ ತುಂಡುಗಳಾಗಿ ಕೊಯ್ದರು. ಕೆಲವು ನಮ್ಮ ಊಟದ ಮೇಜಿನಷ್ಟು ಅಗಲ. ಸಾಗಿಸಬೇಡಿ, ಮನೆ ಬೆಚ್ಚಗಿಡುವ ಒಲೆಗೆ ಸೌದೆಯಾಗುತ್ತದೆ, ಇಲ್ಲೇ ಬಿಟ್ಟುಹೋಗಿ ಎಂದರು ಜೋನ್. ಅವರ ಮಗ ಮಾರ್ಕ್ ಜಾನ್ಸನ್‌ವಿಲ್‌ನಲ್ಲಿದ್ದ. ಗುಂಡಿ ಒತ್ತಿದರೆ ಮನೆ ಬೆಚ್ಚಗಾಗುವ ಹೀಟ್ ಪಂಪ್ ಹಾಕಿಸೋಣ, ಸೊಂಟದ ಆಪರೇಷನ್ ಆದವಳಿಗೆ ಕೊಡಲಿ ಯಾಕೆ ಎಂಬುದು ಅವನ ವಾದ. ಜೋನ್ ಕೇಳಲಿಲ್ಲ.

ಅದೇ ಹೊತ್ತಿಗೆ ನನ್ನ ಕೆಲಸ ಹೋಗಿತ್ತು. ನಮ್ಮಿಬ್ಬರ ವೀಸಾ ನಿಂತಿದ್ದದ್ದು ಅದರ ಮೇಲೆಯೇ. ಆ ದಿನಗಳಲ್ಲಿ ನಾನು ಒಂದು ಕಡೆ ಕೂತದ್ದು ನೆನಪಿಲ್ಲ. ಫೋನ್ ತೆಗೆಯುವುದು, ನೋಡುವುದು, ಇಡುವುದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು. ಕೊನೆಗೆ ರವಿಯೇ ಹೇಳಿದ: "ನಿನ್ನ ನೋಡ್ತಾ ಇದ್ರೆ ನಂಗೇ ಟೆನ್ಷನ್ ಆಗತ್ತೆ ಮಾರಾಯ್ತಿ. ಹೋಗಿ ಆ ಜೋನ್‌ಗಾದ್ರೂ ಏನಾದ್ರೂ ಹೆಲ್ಪ್ ಮಾಡು."

ಹೋದೆ. ಮೈಸೂರಿನಲ್ಲಿ ತೆಂಗಿನಕಾಯಿ ಒಡೆದದ್ದೇ ನನ್ನ ಹೆಚ್ಚುಗಾರಿಕೆ. ಕೊಡಲಿ ಎತ್ತಿ ದಿಮ್ಮಿಯ ನಡುವಿಗೆ ಬಾರಿಸಿದೆ. ಅದು ರಬ್ಬರಿಗೆ ಬಡಿದಂತೆ ಪುಟಿದು ಬಂತು. ನೀಲಗಿರಿಯ ಎಳೆ ತಿರುಚಿಕೊಂಡಿರುತ್ತದೆ, ನಡುವಿಗೆ ಹೊಡೆದರೆ ಬಗ್ಗುವುದಿಲ್ಲ. ಅಂಚಿಗೆ ಬೆಣೆ ಇಟ್ಟು, ಸುತ್ತಿಗೆಯಿಂದ ಬಡಿದು, ಸುತ್ತಲಿಂದ ಪದರಪದರವಾಗಿ ಬಿಡಿಸಿಕೊಂಡು ಒಳಗೆ ಹೋಗಬೇಕು. ಹಸಿಯಿದ್ದಾಗಲೇ ಸೀಳಬೇಕು, ಒಣಗಿದರೆ ಕಲ್ಲು. ಸೀಳಿದ್ದನ್ನು ಗಾಳಿಯಾಡುವಂತೆ ಒಟ್ಟಬೇಕು. ಇಷ್ಟನ್ನು ಕಲಿಯಲು ಒಂದು ವಾರ ಹಿಡಿಯಿತು, ಬೊಕ್ಕೆ ಎದ್ದ ಅಂಗೈ ಬೇರೆ. ಇದೆಲ್ಲ ಒಣಗುವುದು ಯಾವಾಗ ಎಂದು ಕೇಳಿದೆ. ಎರಡು ಬೇಸಿಗೆಯಾದರೂ ಬೇಕು ಎಂದರು ಜೋನ್. ನನಗೋ ಎರಡು ತಿಂಗಳಾಚೆ ಯಾವ ದೇಶದಲ್ಲಿರುತ್ತೇನೆಂದು ಗೊತ್ತಿರಲಿಲ್ಲ.

ಇಳಿಜಾರಾದ್ದರಿಂದ ಪ್ರತಿ ದಿಮ್ಮಿಗೂ ಜೋನ್ ಒಂದೊಂದು ಅಡೆಗಲ್ಲು ಕೊಟ್ಟಿದ್ದರು. ಅದನ್ನು ಮುಟ್ಟುವ ಮುಂಚೆ ತನ್ನನ್ನು ಕೂಗಬೇಕೆಂದು ಕಟ್ಟಪ್ಪಣೆ.

ಒಂದು ಮಧ್ಯಾಹ್ನ, ಬಹಳ ನೆಚ್ಚಿಕೊಂಡಿದ್ದ ಕಂಪನಿಯಿಂದ ಈಮೇಲ್ ಬಂತು. ಬೇರೆಯವರನ್ನು ಆರಿಸಿದ್ದಾರಂತೆ. ಫೋನ್ ಜೇಬಿಗಿಟ್ಟು ಎಲ್ಲಕ್ಕಿಂತ ದೊಡ್ಡ ದಿಮ್ಮಿಯ ಬಳಿ ಹೋದೆ. ಅದನ್ನು ಆಗಲೇ, ಆ ಕ್ಷಣವೇ ಸೀಳಬೇಕೆನಿಸಿತು. ಅಡೆಗಲ್ಲನ್ನು ಕಾಲಿನಿಂದ ಒದ್ದೆ.

ದಿಮ್ಮಿ ಮೊದಲು ನಿಧಾನವಾಗಿ ಹೊರಳಿತು, ಆಮೇಲೆ ಕೈಗೆ ಸಿಗಲಿಲ್ಲ. ಕೆಳಗೆ ಸೌದೆ ಒಟ್ಟುತ್ತಿದ್ದ ಜೋನ್ ಪಕ್ಕಕ್ಕೆ ಹಾರಿದರು. ದಿಮ್ಮಿ ಅವರನ್ನು ಸವರಿಕೊಂಡು ಹೋಗಿ ಬೇಲಿ ಮುರಿದು ನಿಂತಿತು. ಜೋನ್ ಕೈಯೂರಿ ಬಿದ್ದಿದ್ದರು.

ಆಸ್ಪತ್ರೆಯಲ್ಲಿ ಮಾರ್ಕ್ ಏನಾಯಿತೆಂದು ಕೇಳಿದ. ಕಲ್ಲು ಜಾರಿತು ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅವನು ದನಿ ಏರಿಸದೆ, ಇನ್ನು ದಯವಿಟ್ಟು ಅಮ್ಮನ ಹಿತ್ತಿಲಿಗೆ ಬರಬೇಡಿ ಎಂದ. ಒಂದು ವಾರ ಆ ಕಡೆಯ ಕಿಟಕಿಯ ಪರದೆ ಸರಿಸಲಿಲ್ಲ. ಕೆಲಸದ ಚಿಂತೆಯೂ ಹಿಂದೆ ಬಿದ್ದು, ಆ ಸುಳ್ಳೊಂದೇ ಮನೆತುಂಬ ನನ್ನ ಜೊತೆ ಓಡಾಡಿತು.

ಎಂಟನೆಯ ದಿನ ಮುರಿದ ಬೇಲಿಯಾಚೆಯಿಂದ ಜೋನ್ ಕೂಗಿದರು. ಕೈಗೆ ಪ್ಲಾಸ್ಟರ್. ಉಳಿದದ್ದನ್ನು ಯಾರು ಸೀಳುತ್ತಾರೆ ಎಂದು ಕೇಳಿದರು. ಕಲ್ಲು ಜಾರಲಿಲ್ಲ, ನಾನೇ ಒದ್ದೆ ಎಂದು ನಿಂತಲ್ಲೇ ಹೇಳಿಬಿಟ್ಟೆ.

"ಗೊತ್ತು, ನೋಡಿದೆ," ಎಂದರು. "ದಿಮ್ಮಿಯ ಕೆಳಗಡೆ ನಿಲ್ಲಬಾರದು ಅನ್ನೋದು ನನಗೂ ಗೊತ್ತಿತ್ತು, ಆದ್ರೂ ನಿಂತಿದ್ದೆ. ನನ್ನ ಹತ್ರ ಹೇಳಿದ್ದಾಯ್ತು. ಮಾರ್ಕ್‌ಗೂ ನೀನೇ ಹೇಳು."

ಹೇಳಿದೆ, ಫೋನಿನಲ್ಲಿ. ಅವನು, ಹೇಳಿದ್ದು ಒಳ್ಳೆಯದಾಯಿತು ಎಂದಷ್ಟೇ ಅಂದು ಇಟ್ಟ. ಮುಂದಿನ ಶನಿವಾರ ಅವನ ಪಿಕಪ್ ಗಾಡಿ ಗೇಟಿನ ಮುಂದೆ ನಿಂತಿತು. ನನ್ನ ಕಡೆ ಅಷ್ಟಾಗಿ ನೋಡದೆ ಕೈಗವಸು ಹಾಕಿಕೊಂಡು ದೊಡ್ಡ ಸುತ್ತಿಗೆ ಎತ್ತಿಕೊಂಡ. ನಾನು ಬೆಣೆ ಇಟ್ಟೆ. ಜೋನ್ ಮೇಲ್ಗಡೆ ಕುರ್ಚಿ ಹಾಕಿ ಕೂತು, ದಿನಕ್ಕೆ ನಾಲ್ಕೇ ದಿಮ್ಮಿ ಎಂದು ಲೆಕ್ಕ ಹಿಡಿದರು. ಐದನೆಯದಕ್ಕೆ ನಾನು ಕೈಹಾಕಿದರೆ ಟೀ ಕುಡಿಯಲು ಕರೆಯುವರು. ನಾಲ್ಕಕ್ಕೆ ನಿಲ್ಲಿಸುವುದೇ ನನಗೆ ಸೀಳುವುದಕ್ಕಿಂತ ಕಷ್ಟವಾಗಿತ್ತು.

ವೀಸಾ ಮುಗಿಯಲು ಹನ್ನೊಂದು ದಿನ ಉಳಿದಿರುವಾಗ ವೆಲಿಂಗ್ಟನ್‌ನಲ್ಲಿ, ಮೊದಲಿಗಿಂತ ಸಣ್ಣ ಕೆಲಸವೊಂದು ಸಿಕ್ಕಿತು. ಎರಡು ಬೇಸಿಗೆ ಕಳೆದ ಮೇಲೆ ಜೋನ್ ಆ ಸೌದೆಯಲ್ಲಿ ಒಂದು ಚಳಿಗಾಲ ಬೆಚ್ಚಗಿದ್ದರು. ಆಮೇಲೆ ಮೆಟ್ಟಿಲು ಹತ್ತುವುದಾಗದೆ, ತಾವಾಗಿಯೇ ಮಗನ ಮನೆಗೆ ಹೋದರು. ಉಳಿದ ಸೌದೆ ನಮಗೆ ಬಂತು.

ಇದೆಲ್ಲ ನೆನೆಯುತ್ತ ಇವತ್ತು ಮಧ್ಯಾಹ್ನ ಹಿತ್ತಿಲಿಗೆ ಹೋಗಿ ನೋಡಿದೆ. ಆ ಸೌದೆಯ ಕೊನೆಯ ಸಾಲು, ಈ ತಿಂಗಳು ಕಳೆದರೆ ಹೆಚ್ಚು. ನನ್ನ ಗಡಿಬಿಡಿ ಕಡಿಮೆಯಾಗಿದೆ ಎಂದರೆ ರವಿ ಸೀನುತ್ತಲೇ ನಕ್ಕಾನು. ಈಗಿನ ವೀಸಾಕ್ಕೂ ಒಂದು ಕೊನೆಯ ದಿನವಿದೆ, ಅದನ್ನು ಮರೆತವಳಲ್ಲ. ಸೌದೆಯವನಿಗೆ ಫೋನ್ ಮಾಡಿದೆ. ಒಣಗಿದ್ದು ಬೇಕೋ ಹಸಿಯದೋ ಎಂದು ಕೇಳಿದ. ಈ ಚಳಿಗಾಲಕ್ಕೆ ಆಗುವಷ್ಟು ಒಣಗಿದ್ದು, ಜೊತೆಗೊಂದು ಲೋಡ್ ಹಸಿ ದಿಮ್ಮಿ ಎಂದೆ.

ಹಸಿಯದು ಬರುವ ವರ್ಷವೂ ಉರಿಯುವುದಿಲ್ಲ, ಗೊತ್ತಲ್ಲ ಎಂದು ಎಚ್ಚರಿಸಿದ.

ಗೊತ್ತು, ಕಳಿಸಿ ಎಂದೆ.