ಹೆಸರು ಬರೆಸಿದ್ದು ನಾನು

ಅಟ್ಟ ಒರೆಸುವಾಗ ಹಳೆಯ ಕೌದಿಯ ಗಂಟಿನಿಂದ ಎರಡು ಕಟ್ಟಿಗೆಯ ಹಿಡಿಗಳು ಜಾರಿ ಬಿದ್ದವು. ಗೋಕಾಕದ ಗೊಂಬೆ ಮಾಡುವ ಬಡಿಗೇರ ಕೆತ್ತಿಕೊಟ್ಟಿದ್ದು. ತಳವೆಲ್ಲ ಸವೆದು ನುಣುಪಾಗಿದೆ. ಮೂಗಿನ ಹತ್ತಿರ ಹಿಡಿದರೆ ಈಗಲೂ ಕುಸುಬಿ ಎಣ್ಣೆಯ ವಾಸನೆ... ಬಾಜೂ ಮನೆಯ ಅಕ್ಕ ಅವನ್ನು ನೆಲಕ್ಕೂರಿ, ಮೈ ಎತ್ತಿ ಎತ್ತಿ ಮುಂದೆ ಸಾಗುತ್ತಿದ್ದಳು. ಅವಳ ಕಾಲುಗಳಿಗೆ ಹುಟ್ಟಿನಿಂದಲೇ ಬಲವಿರಲಿಲ್ಲ.

ಕೊಣ್ಣೂರಿನ ಹತ್ತಿರದ ಆ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಅವಳು ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ನನ್ನ ಎರಡನೆಯ ಬಾಣಂತನದಲ್ಲಿ ಅತ್ತೆ ಜ್ವರ ಬಂದು ಮಲಗಿದಾಗ ಕೂಸಿಗೆ ಎರೆದವಳು ಅವಳೇ. ಅಂಥವಳನ್ನು ದೇವರು ಗೋಡೆಯಾಚೆ ಇಟ್ಟಿದ್ದು ನನ್ನ ಪುಣ್ಯ.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆ. ಓಟಿನ ಯಾದಿ ಬರೆಯಲು ಮಾಸ್ತರರು ಓಣಿಗೆ ಬಂದರು. ಅಕ್ಕ ಮನೆಯಲ್ಲಿರಲಿಲ್ಲ. ಅಲ್ಲಿ ಯಾರಿರುತ್ತಾರೆ ಎಂದು ನನ್ನನ್ನೇ ಕೇಳಿದರು. ಊರೆಲ್ಲ ಕರೆಯುವಂತೆ, "ಕುಂಟವ್ವ ಅದಾಳ್ರಿ," ಎಂದೆ. ಅವರು ಬರೆದುಕೊಂಡರು. ನಾನು ರೊಟ್ಟಿ ಬಡಿಯಲು ಒಳಗೆ ಹೋದೆ.

ಓಟಿನ ದಿನ ಅಕ್ಕ ದೇವರಿಗೆ ಊದಿನಕಡ್ಡಿ ಹಚ್ಚಿ, ಶಾಲೆಯವರೆಗೂ ಊರಿಕೊಂಡೇ ಬಂದಳು. ತನ್ನ ಹೆಸರು ಹೇಳಿದಳು. ಯಾದಿಯಲ್ಲಿ ಅದಿರಲಿಲ್ಲ. ನನಗೂ ಅದು ಹೊಸ ಹೆಸರು.

"ಕುಂಟವ್ವ ಅಂತ ಐತಿ, ನೀವೇನ್ರಿ?" ಎಂದರು ಯಾದಿ ಹಿಡಿದವರು.

"ಅದು ನನ್ನ ಹೆಸರಲ್ರಿ."

"ಹೂಂ ಅಂದ್ಬಿಡ ಬೇ, ಬಿಸಲ ಏರಾಕತ್ತೈತಿ," ಪಾಳಿಯಲ್ಲಿದ್ದವಳೊಬ್ಬಳು ನಕ್ಕಳು.

"ಇಲ್ಲಿ ಹೂಂ ಅಂದ್ರ ಸಾಯೂತನಾ ಅದ ಆಕ್ಕೇನಿ."

ಅಲ್ಲೇ ಕೂತಿದ್ದ ಮಾಸ್ತರರು ಪಾಳಿಯಲ್ಲಿ ನಿಂತ ನನ್ನತ್ತ ಕೈ ತೋರಿಸಿದರು. "ಈ ತಂಗೀನ ಬರಿಸ್ಯಾಳ್ರಿ."

ಅಕ್ಕ ತಿರುಗಿ ನೋಡಿದಳು. "ನಿನಗೂ ನನ್ನ ಹೆಸರ ಗೊತ್ತಿದ್ದಿಲ್ಲೇನ?"

ಗೊತ್ತಿರಲಿಲ್ಲ. ಅವಳ ಕೈಯ ಅಂಬಲಿ ಕುಡಿದಿದ್ದೆ, ಹೆಸರು ಕೇಳಿರಲಿಲ್ಲ... ಅವಳು ಓಟು ಹಾಕದೆ ಹೋದಳು.

ಆದರೆ ಸುಮ್ಮನೆ ಕೂರಲಿಲ್ಲ. ಯಾದಿಯಲ್ಲಿ ತನ್ನಂತೆ ಆದವರು ಬೇರೆ ಯಾರಿದ್ದಾರೆಂದು ಕೌದಿ ಒಯ್ಯಲು ಬಂದವರನ್ನೆಲ್ಲ ವಿಚಾರಿಸಿದಳು. ಮೂಡಲಗಿಯ ಕಣ್ಣಿಲ್ಲದ ಭಜನೆಯಜ್ಜ ಯಾದಿಯಲ್ಲಿ ಕುರುಡಪ್ಪನಾಗಿದ್ದ. ಅಂಕಲಗಿಯಲ್ಲೊಬ್ಬಳು ಮೂಕವ್ವನಾಗಿದ್ದಳು. ಎಲ್ಲರೂ ಒಂದೇ ಚಕ್ಕಡಿಯಲ್ಲಿ ಹೆಸರು ತಿದ್ದಿಸಲು ತಾಲೂಕು ಕಚೇರಿಗೆ ಹೋದರು. ನೀರಿನ ಕೊಡ ಹಿಡಿದುಕೊಂಡು ನಾನೂ ಹೋದೆ.

ಕಾರಕೂನ ಮೆಟ್ಟಿಲ ಮೇಲಿಂದಲೇ, "ನೀವ್ಯಾಕ ತ್ರಾಸ ತಗೊಂಡ್ರಿ? ನಿಮ್ಮ ಪರವಾಗಿ ಯಾರರ ಶಾಣ್ಯಾರನ್ನ ಕಳಸ್ರಿ," ಎಂದ.

"ನಮ್ಮ ಪರವಾಗಿ ಯಾರೋ ಹೇಳಿದ್ದಕ್ಕನ ಬಂದೇವ್ರಿ," ಎಂದಳು ಅಕ್ಕ. ಹಿಡಿಗಳನ್ನೂರಿ ಒಂದೊಂದೇ ಮೆಟ್ಟಿಲು ಹತ್ತಿದಳು. ನಾನು ತಲೆಯೆತ್ತಲಿಲ್ಲ.

ಮುಂದಿನ ಓಟಿನಲ್ಲಿ ಅವಳ ಹೆಸರನ್ನು ಗಟ್ಟಿಯಾಗಿ ಓದಿದರು. "ಹೂಂ, ನಾನ," ಎಂದಳು. ಅಷ್ಟಾದರೂ ನನ್ನ ಕಿವಿಗೆ ಬಿತ್ತಲ್ಲ, ದೇವರು ದೊಡ್ಡವನು. ಅದರ ಮುಂದಿನ ಓಟಿಗೆ ಅವಳಿರಲಿಲ್ಲ. ಹಿಡಿಗಳನ್ನು ನನಗೇ ಕೊಡಬೇಕೆಂದು ಹೇಳಿಹೋಗಿದ್ದಳು.

ಇಂದು ಅವನ್ನು ಒರೆಸಿ ದೇವರ ಜಗಲಿಯ ಮೇಲಿಟ್ಟೆ. ಇಷ್ಟು ಬರೆದಿದ್ದನ್ನು ಓದಿದ ಮಗಳು, ಅವಳ ಹೆಸರನ್ನೇ ಬರೆದಿಲ್ಲವಲ್ಲ ಎಂದಳು. ಗೊತ್ತಿದೆ, ದಿನವೂ ದೀಪ ಹಚ್ಚುವಾಗ ಹೇಳಿಕೊಳ್ಳುತ್ತೇನೆ. ಆದರೆ ಒಮ್ಮೆ ಅವಳನ್ನು ಕೇಳದೆ ಬರೆಸಿದ್ದೆ. ಈಗ ಕೇಳೋಣವೆಂದರೆ ಗೋಡೆಯಾಚೆ ಯಾರೂ ಇಲ್ಲ...