ನಾಯಂಡಹಳ್ಳಿಯಲ್ಲಿ ನಿಂತ ಕಾರು

ಪೆಟ್ರೋಲಿನ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಮಾತ್ರ ಅದು ಮೂಗಿಗೆ ತಾಗಿದ ಕೂಡಲೇ ರಾಜಾಜಿನಗರದ ನಮ್ಮ ಹಳೆಯ ಮನೆಯ ಪಕ್ಕದ ತಗಡಿನ ಶೆಡ್ಡು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಬಿಸಿಲಿಗೆ ಕಾದ ತಗಡು, ನೆಲದ ಮೇಲೆ ಕಪ್ಪಗೆ ಹರಡಿದ ಆಯಿಲ್ ಕಲೆ, ಮೊಳೆಗೆ ನೇತುಹಾಕಿದ ಅಪ್ಪನ ಹರಿದ ಬನಿಯನ್ನು, ಇವೆಲ್ಲದರ ನಡುವೆ ಬಾಯಿ ತೆರೆದಂತೆ ಬಾನೆಟ್ ಎತ್ತಿಕೊಂಡು ನಿಂತ ಕಪ್ಪು ಕಾರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನಗಾಗ ಹತ್ತು ತುಂಬಿತ್ತು. ಬೀದಿಯಲ್ಲಿ ಸೈಕಲ್ಲುಗಳಿದ್ದವು, ಎರಡು ಸ್ಕೂಟರುಗಳಿದ್ದವು, ಕಾರು ಅಂತ ಇದ್ದದ್ದು ನಮ್ಮದೊಂದೇ. ಅದೂ ಮೂವರ ಕೈ ದಾಟಿ ಅಪ್ಪನ ಕೈಗೆ ಬಂದ ಹಳೆಯ ಗಾಡಿ. ಆ ಮನೆ ಈಗಿಲ್ಲ, ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ಬಾಲ್ಯದ ಮನೆಯಿದ್ದ ಜಾಗದ ಎದುರು ನಿಂತು, ಅಡುಗೆಮನೆ ಎಲ್ಲಿತ್ತು, ತುಳಸಿಕಟ್ಟೆ ಎಲ್ಲಿತ್ತು ಎಂದು ನೀವೂ ಕಣ್ಣಲ್ಲೇ ಅಳೆದಿದ್ದರೆ ನನ್ನ ಮಾತು ನಿಮಗೆ ಅರ್ಥವಾದೀತು.

ಅಪ್ಪ ಒಂದು ಕಾರ್ಖಾನೆಯಲ್ಲಿ ಯಂತ್ರದ ಕೆಲಸ ಮಾಡುತ್ತಿದ್ದರು. ಮಾತು ಕಡಿಮೆ. ಅವರ ಸಂತೋಷವೆಲ್ಲ ಭಾನುವಾರಕ್ಕೆ ಮೀಸಲು. ಅಂದು ಕಾರು ತೊಳೆದು, ಅಮ್ಮನನ್ನು ಮುಂದೆ ಕೂರಿಸಿಕೊಂಡು, ನನ್ನನ್ನು ಹಿಂದೆ ಹಾಕಿಕೊಂಡು, ವಿಜಯನಗರದ ಮೇಲೆ ಮೈಸೂರು ರಸ್ತೆ ಹಿಡಿದು ಕೆಂಗೇರಿಗೆ ಹೋಗುವುದು. ಅಲ್ಲಿ ಅಮ್ಮನ ತವರು. ಗಂಡ ತೀರಿಕೊಂಡ ಮೇಲೂ ಹೊಲದ ಬದುಕನ್ನು ಬಿಡದ ನನ್ನ ಅಜ್ಜಿ, ಮಗಳು ಕಾರಿನಲ್ಲಿ ಬಂದು ಇಳಿಯುವುದನ್ನು ನೋಡಲೆಂದೇ ಹೊರಗೆ ಜಗಲಿಯ ಮೇಲೆ ಕೂತಿರುತ್ತಿದ್ದಳು. ಆದರೆ ಅಮ್ಮನಿಗೆ ಪೆಟ್ರೋಲಿನ ವಾಸನೆ ಆಗುತ್ತಿರಲಿಲ್ಲ. ಶೆಡ್ಡಿನ ಘಾಟು ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದರೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ದಾರಿಯಲ್ಲಿ ವಾಂತಿಯಾದರೆ ಅಪ್ಪನ ಮುಖ ಸಪ್ಪಗಾಗುತ್ತಿತ್ತು. ಅದನ್ನು ಕಂಡು ಅಮ್ಮ ನಿಂಬೆಹಣ್ಣು ಮೂಸುತ್ತಾ ಸುಮ್ಮನೆ ಕೂರುವುದನ್ನು ಕಲಿತಳು. ಒಂದು ಯುಗಾದಿ ಕಳೆದ ಮೇಲೆ ಅವಳೇ ನಗುತ್ತಾ, "ಈಗೀಗ ವಾಸ್ನೆನೇ ಬರಲ್ಲ ಕಣ್ರೀ, ಅಭ್ಯಾಸ ಆಗೋಯ್ತೇನೋ" ಅಂದಳು. ಅಪ್ಪ ಆ ದಿನವೆಲ್ಲ ಶಿಳ್ಳೆ ಹಾಕಿಕೊಂಡು ಓಡಾಡಿದರು.

ಕಾರಿಗೆ ತಡವರಿಕೆ ಶುರುವಾದದ್ದೂ ಆಗಲೇ. ಮನೆಯಿಂದ ಹೊರಡುವಾಗ ಚೆನ್ನಾಗಿಯೇ ಇರುತ್ತಿತ್ತು. ಐದಾರು ಮೈಲಿ ಓಡಿದ ಮೇಲೆ, ಅಪ್ಪ ಆಕ್ಸಿಲರೇಟರ್ ಒತ್ತಿದರೆ ಕಾರು ಮುಂದಕ್ಕೆ ಹಾರುವ ಬದಲು ಒಂದು ಕ್ಷಣ ಉಸಿರು ಕಟ್ಟಿದಂತೆ ನಿಂತು, ಜಗ್ಗಿ, ಆಮೇಲೆ ಎಳೆಯುತ್ತಿತ್ತು. ಕುರುಬರಹಳ್ಳಿಯ ಮೆಕ್ಯಾನಿಕ್ ಖಾದರ್ ಸಾಬರು ಪ್ಲಗ್ಗು ಬದಲಾಯಿಸಿದರು, ಕಾರ್ಬೊರೇಟರ್ ಬಿಚ್ಚಿ ಬಾಯಲ್ಲಿ ಊದಿದರು, ಪೆಟ್ರೋಲ್ ಪಂಪು ಹೊಸದು ಹಾಕಿದರು. ಅವರ ಅಂಗಡಿ ಮುಂದೆ ಕಾರು ಗುರುಗುಟ್ಟುತ್ತಾ ನಿಂತರೆ ಎಳ್ಳಷ್ಟೂ ದೋಷ ಕಾಣುತ್ತಿರಲಿಲ್ಲ. "ನನ್ ಹತ್ರ ಬಂದ್ರೆ ಶಾಣ್ಯಾ ಆಗ್ತದೆ ಸಾರ್ ಇದು" ಎಂದು ಅವರು ತಲೆ ಕೆರೆದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಪಕ್ಕದ ಮನೆಗೆ ಕೆಂಗೇರಿಯಿಂದ ಮಾವ ಫೋನು ಮಾಡಿದ. ಅಮ್ಮ ಓಡಿಹೋಗಿ ಕೇಳಿಕೊಂಡು ಬಂದಳು. ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದಳು, ಪ್ರಜ್ಞೆ ಹೋಗಿ ಬಂದು ಮಾಡುತ್ತಿತ್ತು, ಅಮ್ಮನ ಹೆಸರನ್ನೇ ಕರೆಯುತ್ತಿದ್ದಳು. "ಬಸ್ಸಲ್ಲೇ ಹೋಗ್ಬಿಡೋಣ ಕಣ್ರೀ" ಅಂದಳು ಅಮ್ಮ. ಅಪ್ಪ ಆಗಲೇ ಕೀಲಿಕೈ ಹಿಡಿದಿದ್ದರು. "ಬಸ್ಸಿಗೆ ಕಾಯೋ ಹೊತ್ತಲ್ಲಿ ನಾವು ಅಲ್ಲಿರ್ತೀವಿ. ಕಾರು ಹತ್ತು."

ನಾಯಂಡಹಳ್ಳಿಯ ಹತ್ತಿರ ಕಾರು ಜಗ್ಗತೊಡಗಿತು. ಅಪ್ಪ ಒತ್ತಿದಷ್ಟೂ ಅದು ಸೊರಗಿತು. ಕೊನೆಗೆ ರಸ್ತೆಯ ಪಕ್ಕದ ಗೋಣಿಮರದ ಕೆಳಗೆ ನಿಂತೇಬಿಟ್ಟಿತು. ಅಪ್ಪ ಬಾನೆಟ್ ಎತ್ತಿ, ಬೆವರು ಸುರಿಸುತ್ತಾ ಒಂದೊಂದೇ ತಂತಿ ಮುಟ್ಟಿ ನೋಡಿದರು. ಇಪ್ಪತ್ತು ನಿಮಿಷದ ಮೇಲೆ ತಾನಾಗಿಯೇ ಶುರುವಾಗಿ, ಒಂದು ಮೈಲಿ ಓಡಿ, ಮತ್ತೆ ನಿಂತಿತು. ತುಂಬಿ ವಾಲಿದ ಬಸ್ಸು ನಮ್ಮನ್ನು ದಾಟಿ ಹೋಯಿತು. ಅಮ್ಮ ಕಾರಿನಿಂದ ಇಳಿದು ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಆಮೇಲೆ ಅವಳು ಬಿಸಿಲಲ್ಲೇ ಕೆಂಗೇರಿಯ ಕಡೆಗೆ ನಡೆಯತೊಡಗಿದಳು. ನಾನು ಅವಳ ಹಿಂದೆ ಓಡಿದೆ. ತಿರುಗಿ ನೋಡಿದಾಗ ಅಪ್ಪ ರಸ್ತೆಯ ನಡುವೆ, ಎಣ್ಣೆ ಮೆತ್ತಿದ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದರು. ಮುಂದೆ ಯಾರೋ ಲಾರಿಯವರು ನಮ್ಮನ್ನು ಹತ್ತಿಸಿಕೊಂಡರು. ನಾವು ತಲುಪುವ ಅರ್ಧ ಗಂಟೆ ಮೊದಲು ಅಜ್ಜಿಯ ಪ್ರಾಣ ಹೋಗಿತ್ತು. ಸಂಜೆಯ ಹೊತ್ತಿಗೆ ಅಪ್ಪ ಕಾರು ತಂದು ನಿಲ್ಲಿಸಿದಾಗ ಅಷ್ಟೂ ನೆಂಟರ ಮುಂದೆ ಅಮ್ಮ ಅಂದಳು: "ನಿಮ್ಮ ಕಾರು ನಮ್ಮವ್ವನ್ನ ನುಂಗ್ಕೊಳ್ತು."

ಅಲ್ಲಿಂದ ನಮ್ಮ ಮನೆಯಲ್ಲಿ ಮಾತು ನಿಂತಿತು. ಅಮ್ಮ ಊಟ ಬಡಿಸುತ್ತಿದ್ದಳು, ಅಪ್ಪ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಕಾರ್ಖಾನೆಯಿಂದ ಬಂದವರು ನೇರ ಶೆಡ್ಡಿಗೆ ಹೋಗಿ ಬಾನೆಟ್ಟಿನೊಳಗೆ ತಲೆ ಹುದುಗಿಸುತ್ತಿದ್ದರು. ಅವರಿಗೆ ಕಾರು ಓಡಬೇಕಾಗಿರಲಿಲ್ಲ, ಯಾಕೆ ನಿಂತಿತೆಂಬುದು ತಿಳಿಯಬೇಕಾಗಿತ್ತು. ಒಂದು ಭಾನುವಾರ ನನ್ನೊಬ್ಬಳನ್ನೇ ಕೂರಿಸಿಕೊಂಡು ಮಾಗಡಿ ರಸ್ತೆಯಲ್ಲಿ ಹೊರಟರು. ಹೇರೋಹಳ್ಳಿ ಹತ್ತಿರವಾದಾಗ ಜಗ್ಗಿತು, ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ಕಡ್ಡಿ ಇಳಿಬಿಟ್ಟು ನೋಡಲು ಅಪ್ಪ ಹಿಂದೆ ಹೋಗಿ ಮುಚ್ಚಳ ತಿರುಗಿಸಿದರು. ಸುಯ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ನನಗೂ ಕೇಳಿಸಿತು. ಅಪ್ಪ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡರು. ಆಮೇಲೆ ಬಂದು ಕೀಲಿ ತಿರುಗಿಸಿದರೆ ಕಾರು ಒಂದೇ ಏಟಿಗೆ ಶುರುವಾಯಿತು.

ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕಿನೊಳಗೆ ಗಾಳಿ ಹೋಗಬೇಕು, ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ, ಅದು ಕಟ್ಟಿಕೊಂಡರೆ ಪೆಟ್ರೋಲ್ ಇಂಜಿನ್ನಿಗೆ ಇಳಿಯುವುದಿಲ್ಲ ಎಂದು ಅಪ್ಪ ನನಗೆ ವಿವರಿಸಿದರು. ವಿವರಿಸುತ್ತಲೇ ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದರು. ತೂತಿಗೆ ಯಾರೋ ಮೇಣ ತುಂಬಿದ್ದರು. ಕೆಂಪು ಬೆರೆತ ಮೇಣ. ಸ್ನಾನ ಮಾಡಿದ ಮೇಲೆ ಅಮ್ಮ ಹಣೆಗೆ ಹಚ್ಚಿ, ಅದರ ಮೇಲೆ ಕುಂಕುಮ ಇಡುತ್ತಿದ್ದಳಲ್ಲ, ಆ ಮೇಣ. ವಾಸನೆ ಬರುವ ಜಾಗವನ್ನು ತಾನೇ ಹುಡುಕಿ, ಗಂಡನ ಕಾರಿನ ಮೇಲೆ ದೂರು ಹೇಳಲಾರದೆ, ಅವಳು ಸದ್ದಿಲ್ಲದೆ ಮುಚ್ಚಿದ್ದಳು. ಅಪ್ಪ ಪಿನ್ನಿನಿಂದ ಅದನ್ನು ತೆಗೆದರು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಹೊಲದ ಕಡೆ ನೋಡುತ್ತಿದ್ದರು. ನನ್ನ ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎದ್ದವರು ನನ್ನ ತಲೆ ಸವರಿ, "ಕಾರ್ಬೊರೇಟರಲ್ಲಿ ಕಸ ಇತ್ತು. ಅಮ್ಮ ಕೇಳಿದ್ರೆ ಅಷ್ಟೇ ಹೇಳ್ಬೇಕು, ತಿಳೀತಾ ಪುಟ್ಟಿ?" ಅಂದರು.

ಅಮ್ಮ ಕೇಳಲಿಲ್ಲ. ಆ ಕಾರನ್ನು ಮತ್ತೆ ಹತ್ತಲೂ ಇಲ್ಲ. ಅಪ್ಪ ಅದನ್ನು ಮಾರಿ ಬಸ್ಸಿನಲ್ಲಿ ಓಡಾಡಿದರು. ಮನೆಗೆ ನೆಂಟರು ಬಂದಾಗ, ಅವ್ವನ ಮುಖ ನೋಡಲಾಗದ ಕಥೆಯನ್ನು ಅಮ್ಮ ಹೇಳುವಾಗಲೆಲ್ಲ ಅವರು, "ಹೌದು, ಅವತ್ತು ಬಸ್ಸಿಗೆ ಕಳಿಸ್ಬೇಕಾಗಿತ್ತು ನಾನು" ಎಂದು ಮೆಲ್ಲಗೆ ಒಪ್ಪಿಕೊಂಡು, ಎದ್ದು ಹೊರಗೆ ಹೋಗುತ್ತಿದ್ದರು. ಖಾಲಿ ಶೆಡ್ಡಿನಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಸುಮ್ಮನೆ ನಿಂತಿರುತ್ತಿದ್ದರು. ತಪ್ಪು ತಮ್ಮದೇ ಎಂಬ ಆ ಮಾತನ್ನು ಸಾಯುವ ತನಕವೂ ಅವರು ಬಿಡಲಿಲ್ಲ.

ಅಪ್ಪ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಹಾಸಿಗೆ ಹಿಡಿದ ಅಮ್ಮ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದಳು: "ಆ ಕಾರಿಗೆ ಏನಾಗಿತ್ತೇ? ನಿಮ್ಮಪ್ಪಂಗೆ ಕೊನೆಗಾದ್ರೂ ಗೊತ್ತಾಯ್ತಾ?" ಅಷ್ಟೂ ವರ್ಷ ಅಪ್ಪ ಹೊತ್ತ ತಪ್ಪು ಅವರದಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. "ಕಾರ್ಬೊರೇಟರಲ್ಲಿ ಕಸ ಇತ್ತಂತಮ್ಮ" ಅಂದೆ. "ಅಷ್ಟೇನಾ? ಪಾಪ, ಅಷ್ಟಕ್ಕೆ ಅವರನ್ನ ಎಷ್ಟು ಅಂದ್ಬಿಟ್ಟೆ" ಎಂದು ಅವಳು ನನ್ನ ಕೈ ಹಿಡಿದುಕೊಂಡಳು.

ಈಗ ಅವಳೂ ಇಲ್ಲ. ಯಾರಿಂದಲೂ ಮುಚ್ಚಿಡಬೇಕಾದದ್ದು ಏನೂ ಉಳಿದಿಲ್ಲ. ಹೇಳಿ ಹಗುರಾಗೋಣವೆಂದರೆ ಕೇಳಬೇಕಾದವರೂ ಯಾರೂ ಉಳಿದಿಲ್ಲ.