ಗುಡ್ಡ ಸೋಸಿ ಕೊಟ್ಟ ನೀರು

ಮೂರನೆಯ ದಿನದ ಕಣಿಲೆ ನೀರು ಚೆಲ್ಲುತ್ತಿದ್ದೆ. ಹೆಚ್ಚಿದ ಎಳೆಬಿದಿರನ್ನು ನೆನೆಹಾಕಿ ದಿನಾ ನೀರು ಬದಲಿಸದಿದ್ದರೆ ಹೊಟ್ಟೆಗೆ ಆಗುವುದಿಲ್ಲ. ಆ ಹುಳಿಹುಳಿ ಹಸಿ ವಾಸನೆ ಮೂಗಿಗೆ ಬಡಿದರೆ ಸಾಕು, ಹುಟ್ಟಿದ ಮನೆಯ ಅಡುಗೆಕೋಣೆಯಲ್ಲೇ ನಿಂತಂತೆ ಆಗುತ್ತದೆ ನನಗೆ. ಅದೇ ಹೊತ್ತಿಗೆ ಸಫಿಯಾಳ ಫೋನ್ ಬಂತು. ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಈಗ ನೆಲ್ಯಹುದಿಕೇರಿಯಲ್ಲಿದ್ದಾಳೆ. ನಮಗೆ ವಿಜ್ಞಾನ ಕಲಿಸಿದ ನೀಲಮ್ಮ ಟೀಚರ್ ತಮ್ಮ ಊರಿನಲ್ಲಿ ತೀರಿಹೋದರಂತೆ. ಮಲಗಿದ್ದವರು ಏಳಲಿಲ್ಲ, ನರಳಲಿಲ್ಲ. ದೇವರು ಅಷ್ಟು ದಯೆ ತೋರಿಸಿದ. ಆಮೇಲೆ ಅವಳೇ, “ಕಿಟಕಿಯಲ್ಲಿ ಬಾಟ್ಲಿ ಸಾಲಾಗಿ ಇಡಿಸಿದ್ದು ನೆನಪುಂಟಾ? ನಿಮ್ಮನೆ ನೀರು ಕೊನೇತನಕ ಎಷ್ಟು ಕ್ಲೀನ್ ಇತ್ತಲ್ಲ ಮಾರಾಯ್ತಿ” ಎಂದಳು. ಹೌದು ಎಂದು ಫೋನಿಟ್ಟೆ. ಒಲೆಯ ಪಕ್ಕ ಕೂತುಬಿಟ್ಟೆ. ಆ ನೀರು ಕೊನೆಯತನಕ ತಿಳಿಯಾಗಿರಲಿಲ್ಲ. ಅದನ್ನು ತಿಳಿ ಮಾಡಿದ್ದು ನಾನೆಂದು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ನಮ್ಮ ಮನೆ ಭಾಗಮಂಡಲದಿಂದ ಮೇಲಕ್ಕೆ, ಬಸ್ಸಿಳಿದು ಅರ್ಧ ಗಂಟೆ ನಡೆದರೆ ಸಿಗುವ ಗುಡ್ಡದ ಬುಡದಲ್ಲಿತ್ತು. ಬಾವಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೇಲೆ ಬಂಡೆಯ ಸಂದಿನಲ್ಲಿ ಹುಟ್ಟುವ ನೀರನ್ನು ಸೀಳಿದ ಬಿದಿರಿನಲ್ಲಿ ಹಾಯಿಸಿ ಅಡುಗೆಕೋಣೆಯ ಹಿಂದಿನ ಕಲ್ಲುಮರಿಗೆಗೆ ಬೀಳಿಸಿದ್ದರು. ಅಬ್ಬಿ ಎನ್ನುತ್ತಿದ್ದೆವು ಅದನ್ನು. ಬೇಸಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಕಲ್ಲಿನದೇ ಒಂದು ರುಚಿ. ಬೆಳಗಿನ ಮೊದಲ ಚೊಂಬನ್ನು ಅಜ್ಜಿ ಕಾವೇರಮ್ಮನ ಪಟದ ಮುಂದಿಟ್ಟ ಮೇಲೆಯೇ ಬೇರೆಯವರು ನೀರು ಮುಟ್ಟಬೇಕು. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ನಾನು, ಆರು ಜನಕ್ಕೆ ಒಂದೇ ಒಲೆ. ಚಿಕ್ಕಮ್ಮ ಅಕ್ಕಿರೊಟ್ಟಿ ತಟ್ಟಿ ಕೊಟ್ಟರೆ ಅಮ್ಮ ಕೆಂಡದ ಮೇಲೆ ಉಬ್ಬಿಸುತ್ತಿದ್ದಳು, ಮೊದಲನೆಯದನ್ನು ಚಿಕ್ಕಪ್ಪ ಕದಿಯುತ್ತಿದ್ದ, ಅಜ್ಜಿ ಸೌಟಿನಿಂದ ಅವನ ಕೈಗೆ ಒಂದು ಕೊಡುತ್ತಿದ್ದಳು. ಆ ಹೊಗೆ, ಆ ಜಗಳ, ಹಿಂದಿನಿಂದ ಬಿಡದೆ ಕೇಳುವ ನೀರಿನ ಸದ್ದು, ಇವು ಮುಗಿಯುವಂಥವು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ.

ನೀಲಮ್ಮ ಟೀಚರ್ ಬಯಲುಸೀಮೆಯವರು. ನಮ್ಮ ಮಳೆ, ನಮ್ಮ ಚಳಿ, ಎಲ್ಲದಕ್ಕಿಂತ ಹೆಚ್ಚಾಗಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳನ್ನು ಕಂಡರೆ ಅವರಿಗೆ ಪ್ರಾಣಭಯ. ಮಳೆಯೇ ಬಾರದ ಊರಿನವರು ನಮಗೆ ಮಳೆ ಪಾಠ ಮಾಡುತ್ತಾರೆಂದು ನಾವು ಮುಸಿಮುಸಿ ನಗುತ್ತಿದ್ದೆವು. ಆದರೆ ಅವರು ಪುಸ್ತಕದ ಚಿತ್ರ ತೋರಿಸಿ ಮುಗಿಸಲಿಲ್ಲ. ದಿನಾ ಒಂದು ಬಾಟಲಿ ಮನೆ ನೀರು ತರಬೇಕು, ಆ ನೀರು ನಮ್ಮ ಮನೆಗೆ ಬರುವ ಮೊದಲು ಎಲ್ಲಿತ್ತೆಂದು ಹೇಳಬೇಕು. ಮರುದಿನ ಕ್ಲಾಸಿಗೆ ಕ್ಲಾಸೇ ಬ್ರಾಂದಿಯ ಖಾಲಿ ಕ್ವಾರ್ಟರ್ ಬಾಟಲಿಗಳಲ್ಲಿ ನೀರು ತಂದಿತ್ತು. ನಮ್ಮ ಮನೆಗಳಲ್ಲಿ ಬೇರೆ ಯಾವ ಬಾಟಲಿ ಇರುತ್ತದೆ? ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ತಾರೀಕಿನ ಚೀಟಿ ಅಂಟಿಸಿ ಕಿಟಕಿಯಲ್ಲಿ ಸಾಲಾಗಿ ಇಡಿಸಿದರು, ತಳದಲ್ಲಿ ಎಷ್ಟು ಮಣ್ಣು ನಿಂತಿತೆಂದು ಪೆನ್ಸಿಲಿನಿಂದ ಗೆರೆ ಎಳೆಸಿದರು. ಕಡಲಿನ ನೀರು ಆವಿಯಾಗಿ ಮೋಡವಾಗಿ ನಮ್ಮ ಗುಡ್ಡಕ್ಕೆ ಬಡಿಯುವುದು, ಅರ್ಧ ಹೊಳೆಗೆ ಬಿದ್ದು ಮತ್ತೆ ಕಡಲಿಗೆ ಹೋಗುವುದು, ಉಳಿದದ್ದನ್ನು ಗುಡ್ಡ ಕುಡಿದು ನಿಧಾನಕ್ಕೆ ಬಿಟ್ಟುಕೊಡುವುದು, ಎಲ್ಲವನ್ನೂ ಆ ಬಾಟಲಿಗಳ ಮುಂದೆ ನಿಂತು ಹೇಳಿದರು. ಇವತ್ತು ನೀವು ಕುಡಿದ ನೀರು ನಿಮ್ಮಜ್ಜಿಯ ಮದುವೆಯ ದಿನ ಬಿದ್ದ ಮಳೆಯೂ ಇರಬಹುದು ಎಂದಾಗ ನನಗೆ ಮೈ ಜುಮ್ಮೆಂದಿತು. ನನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು, “ಇದನ್ನ ನೋಡಿ, ಗುಡ್ಡ ಸೋಸಿ ಕೊಟ್ಟಿದ್ದು” ಎಂದು ನಡುವೆ ಇಟ್ಟರು. ನನಗೆ ಕೋಡು ಬಂತು. ಹೊಳೆಬದಿಯ ಬಾವಿ ನೀರು ತರುತ್ತಿದ್ದ ಸಫಿಯಾಳನ್ನು, ನಿಮ್ಮದು ನೀರಾ ಚಾಯವಾ ಎಂದು ದಿನಾ ರೇಗಿಸಿದೆ.

ಆ ಸಲ ಆಟಿ ತಿಂಗಳ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಸೋಮವಾರ ಬೆಳಿಗ್ಗೆ ಅಬ್ಬಿಯ ನೀರು ಕೆಂಪಗೆ ಬಂತು. ಮೇಲೆ ಏಡಿ ಕೆರೆದಿರಬೇಕು ಎಂದಳು ಅಜ್ಜಿ. ಚಿಕ್ಕಪ್ಪ ಹತ್ತಿಹೋಗಿ ಬಿದಿರಿನಲ್ಲಿ ಕಟ್ಟಿದ್ದ ಮಣ್ಣು ತೆಗೆದು ಬಂದ. ಅಮ್ಮ ಸೂರಿನ ನೀರು ಹಿಡಿದು ಅಡುಗೆಗೆ ಇಟ್ಟಳು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಹೆದರಿದವಳು ನಾನೊಬ್ಬಳೇ, ಅದೂ ಸಫಿಯಾಳ ನಾಲಿಗೆಗೆ. ಅಜ್ಜಿಯ ಹಳೆ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ನೀರನ್ನು ಸೋಸಿದೆ. ಸಾಲದೆಂದು ಮತ್ತೆ ಸೋಸಿದೆ. ಬಟ್ಟೆಯ ಮೇಲೆ ನುಣ್ಣನೆಯ ಕೆಂಪು ಮಣ್ಣು ಕೂತಿತು. ಮಂಗಳವಾರವೂ ಸೋಸಿದೆ, ಬುಧವಾರವೂ ಸೋಸಿದೆ. ಗುರುವಾರ ಮಣ್ಣಿನ ಜೊತೆ ಮರಳಿತ್ತು. ಗುಡ್ಡ ಕೈಬಿಟ್ಟ ಕೆಲಸವನ್ನು ನಾನು ಕದ್ದು ಮಾಡುತ್ತಿದ್ದೆ.

ಆ ಗುರುವಾರವೇ ಟೀಚರ್ ತಮ್ಮ ಊರಿನ ಕೆರೆಯ ಮಾತು ತೆಗೆದರು. ಅವರ ಅಜ್ಜ ಕೆರೆ ಕಾಯುವ ಕೆಲಸದವರು, ಮಳೆ ಬಂದರೆ ಏರಿಯ ಬುಡದಲ್ಲಿ ಅಡ್ಡಾಡಿ ಎಲ್ಲಿ ನೀರು ಜಿನುಗುತ್ತದೆಂದು ನೋಡುವವರು. “ತಿಳಿ ನೀರು ಜಿನುಗಿದ್ರೆ ನಮ್ಮಜ್ಜ ಮನೆಗೆ ಬಂದು ಮಲಗ್ತಿದ್ದ. ಕೆಂಪು ನೀರು ಬಂದ್ರೆ ಊರೆಲ್ಲ ಎಬ್ಬಿಸ್ತಿದ್ದ. ಯಾಕೆ ಹೇಳಿ? ನೀರು ಒಳಗಿಂದಾನೇ ಏರೀನ ತಿಂತಾ ಬರ್ತಿದೆ ಅಂತ.” ಸುತ್ತಲಿನವರು ಅದನ್ನು ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಬರೆಯಲಿಲ್ಲ, ಕಿಟಕಿಯಲ್ಲಿದ್ದ ನನ್ನ ಬಾಟಲಿಗಳನ್ನೇ ನೋಡಿದೆ. ಬೆಲ್ ಹೊಡೆದ ಮೇಲೆ ಮೇಜಿನ ಬಳಿ ಹೋಗಿ ನಿಂತೆ. ನಮ್ಮ ಅಬ್ಬಿ ಕೆಂಪು ಬರ್ತಾ ಉಂಟು ಟೀಚರ್ ಎಂದೆ. ಅವರು ಕಿಟಕಿಗೆ ಹೋಗಿ ಸೋಮವಾರದಿಂದ ಇಟ್ಟ ನನ್ನ ನಾಲ್ಕು ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಒಂದರಲ್ಲಿ ಸೀರೆಯ ನೂಲಿನೆಳೆ ತೇಲುತ್ತಿತ್ತು. ನನ್ನನ್ನು ಏನೂ ಕೇಳಲಿಲ್ಲ. ಕೊಡೆ ತೆಗೆದುಕೊಂಡು, ನಡಿ ಎಂದರು.

ದಾರಿಯುದ್ದಕ್ಕೂ ಅವರು ಓಡಿದ ಹಾಗೆ ನಡೆದರು. ಮನೆಯ ಮೆಟ್ಟಿಲಿನಲ್ಲಿ ಅಜ್ಜಿ, “ಮಳೆಗಾಲದಲ್ಲಿ ನೀರು ಕೆಂಪಾಗದೆ ಹಾಲು ಬರ್ತದಾ ಟೀಚರೇ? ಮೊದಲು ಕೂತು ಕಾಫಿ ಕುಡಿಯಿರಿ, ಕಾಲಲ್ಲಿ ಇಂಬಳ ಉಂಟು ನೋಡಿ” ಎಂದಳು. ಒಂದು ಇಂಬಳ ಕಂಡರೆ ಬೆಂಚು ಹತ್ತುತ್ತಿದ್ದವರು ಕಾಲಿನ ಕಡೆ ನೋಡಲೂ ಇಲ್ಲ, ರಕ್ತ ಚಪ್ಪಲಿಗೆ ಇಳಿಯುತ್ತಿತ್ತು. “ಅಮ್ಮಾ, ಮಳೆ ನಿಮಗೆ ಗೊತ್ತು. ಮಣ್ಣು ಒಡೆಯೋದು ನನಗೆ ಗೊತ್ತು. ಇವತ್ತೇ ಎಲ್ಲರೂ ಸ್ಕೂಲಿಗೆ ಬನ್ನಿ.” ಅಪ್ಪ ಹಿಂದಕ್ಕೆ ಹೋಗಿ ಅಬ್ಬಿಗೆ ಕೈ ಒಡ್ಡಿ ತುಂಬ ಹೊತ್ತು ನಿಂತ. ಮುಷ್ಟಿಯಲ್ಲಿ ಮರಳು ಹಿಡಿದು ಬಂದು, ಹೋಗುವ ಎಂದ, ಅಷ್ಟೇ. ಹಾಸಿಗೆ, ಒಂದು ಚೀಲ ಅಕ್ಕಿ, ಕಾವೇರಮ್ಮನ ಪಟ, ಇಷ್ಟೇ ಹೊತ್ತದ್ದು. ದನಗಳ ಹಗ್ಗ ಬಿಚ್ಚಿದೆವು. ಅಜ್ಜಿ ಬಾಗಿಲಿಗೆ ಚಿಲಕ ಹಾಕಿ, ಸರಿಯಾಗಿ ಹಾಕಿದೆನೋ ಎಂದು ಮತ್ತೊಮ್ಮೆ ತಳ್ಳಿ ನೋಡಿದಳು.

ಶುಕ್ರವಾರ ಬೆಳಿಗ್ಗೆ ಚಿಕ್ಕಪ್ಪ ಯಾರ ಮಾತೂ ಕೇಳದೆ ಉಳಿದ ಅಕ್ಕಿ ತರಲು ಹೋದ. ಮಧ್ಯಾಹ್ನದ ಹೊತ್ತಿಗೆ ಹತ್ತಾರು ಲಾರಿ ಒಟ್ಟಿಗೆ ಕಲ್ಲು ಸುರಿದ ಹಾಗೆ ಸದ್ದಾಯಿತು. ಶಾಲೆಯ ನೆಲ ಅದುರಿತು. ಆಮೇಲೆ ಕಿತ್ತ ಬೇರಿನ, ಹಸಿ ಮಣ್ಣಿನ ವಾಸನೆ ಅಲ್ಲಿಯವರೆಗೆ ಬಂತು. ಚಿಕ್ಕಮ್ಮ ಕಂಬ ಹಿಡಿದು ದಾರಿಯನ್ನೇ ನೋಡುತ್ತ ನಿಂತಳು. ಒಂದು ಗಂಟೆಯ ಮೇಲೆ ಚಿಕ್ಕಪ್ಪ ಸೊಂಟದತನಕ ಕೆಸರಾಗಿ ಬಂದ. ಅಕ್ಕಿ ಹೊತ್ತು ಇಳಿಯುವಾಗ ತಿರುವಿನ ಕಲ್ಲಿನ ಮೇಲೆ ಚೀಲ ಇಟ್ಟು ಬೀಡಿ ಹಚ್ಚಿದ್ದನಂತೆ, ತಿರುಗಿ ನೋಡಿದರೆ ಹಿಂದೆ ದಾರಿಯೇ ಇಲ್ಲ. ಆ ಬೀಡಿಗೂ ದೇವರಿಗೂ ಒಟ್ಟಿಗೆ ಕೈಮುಗಿದೆವು. ಮನೆ ಇದ್ದ ಜಾಗದಲ್ಲಿ ಕಲ್ಲುಮರಿಗೆ ಕೂಡ ಕಾಣಲಿಲ್ಲ.

ಅಂದು ಸಂಜೆ ಅಜ್ಜಿ ಎದೆ ಬಡಿದುಕೊಂಡು ಟೀಚರನ್ನು ಕೇಳಿದಳು, “ನಾಲ್ಕು ದಿನದಿಂದ ಇವಳ ನೀರು ನೋಡ್ತಿದ್ದವರು ನೀವಲ್ಲವಾ? ಮೊದಲೇ ಹೇಳಿದ್ದರೆ ಹೆಂಚಾದರೂ ಇಳಿಸ್ತಿದ್ದೆವು, ಮಗ ಸಾವಿನ ಬಾಯಿಗೆ ಹೋಗ್ತಿರಲಿಲ್ಲ.” ನಾನು ಕಂಬದ ಹಿಂದೆ ನಿಂತಿದ್ದೆ. ಈಗ ನನ್ನ ಹೆಸರು ಬರುತ್ತದೆ ಎಂದು ಕಾದೆ. ಟೀಚರ್ ತಲೆ ತಗ್ಗಿಸಿದರು. “ನಾನೇ ಸರಿಯಾಗಿ ನೋಡಲಿಲ್ಲಮ್ಮ” ಎಂದರು.

ನಾವು ಮನೆಯವರು ಮತ್ತೆ ಒಂದೇ ಒಲೆಯಲ್ಲಿ ಉಣ್ಣಲಿಲ್ಲ. ಚಿಕ್ಕಪ್ಪನವರು ಎಸ್ಟೇಟಿನ ಕೂಲಿಯವರ ಲೈನ್‌ಮನೆಗೆ ಹೋದರು, ನಾವು ವಿರಾಜಪೇಟೆಯ ಬಾಡಿಗೆ ಕೋಣೆಗೆ. ಅಜ್ಜಿ ಅಲ್ಲಿಗೂ ಇಲ್ಲಿಗೂ ಓಡಾಡಿ, ಎರಡು ಕಡೆಯ ನೀರೂ ಸಪ್ಪೆ ಎಂದು ಗೊಣಗುತ್ತಲೇ ಹೋದಳು. ಆ ಟೀಚರ್ ಮೊದಲೇ ನೋಡಿದ್ದರೆ ಎಂದು ಕೊನೆಯವರೆಗೂ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತು ಅವಳಿಗೆ ಎಲೆಅಡಿಕೆ ಕುಟ್ಟಿಕೊಡುತ್ತಿದ್ದ ನಾನು ಬಾಯಿ ಬಿಡಲಿಲ್ಲ. ಅಪ್ಪನೂ ಹಾಗೆಯೇ ನಂಬಿಕೊಂಡು ತೀರಿಹೋದ. ಟೀಚರಿಗೆ ವರ್ಗವಾಯಿತು. ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತೆ, ಎದ್ದೆ. ಈಗ ಬರೆದರೂ ಓದುವವರಿಲ್ಲ.

ಗುಡ್ಡ ಕುಸಿದ ಆ ಸಂಜೆ ಶಾಲೆಯ ಹಿಂದಿನ ಸೌದೆಕೊಟ್ಟಿಗೆಯಲ್ಲಿ ಅಡಗಿ ಅಳುತ್ತಿದ್ದಾಗ ಟೀಚರ್ ಹುಡುಕಿಕೊಂಡು ಬಂದಿದ್ದರು. ಬೈಯುತ್ತಾರೆಂದು ಮುಖ ಮುಚ್ಚಿಕೊಂಡೆ. ಪಕ್ಕದಲ್ಲಿ ಕೂತು, ಸೆರಗಿನಿಂದ ನನ್ನ ಮೂಗು ಒರೆಸಿ ಹೇಳಿದರು: “ನಾಲ್ಕು ದಿನ ತಡ ಮಾಡಿದೆ ಅಂತ ಅಳ್ತೀಯಾ? ಐದು ಮಾಡಲಿಲ್ಲವಲ್ಲವ್ವ.”

ಐದು ಮಾಡಲಿಲ್ಲ. ಆರು ಜನ ನಡೆದೇ ಇಳಿದೆವು. ಇಷ್ಟು ವರ್ಷ ಅದನ್ನೇ ಹಿಡಿದು ಬದುಕಿದ್ದೇನೆ, ಆದರೂ ಮಳೆ ಜೋರಾದರೆ ಇವತ್ತಿಗೂ ನಲ್ಲಿಯ ಮೊದಲ ಲೋಟವನ್ನು ಬೆಳಕಿಗೆ ಹಿಡಿಯದೆ ನನಗೆ ಧೈರ್ಯವಿಲ್ಲ. ಗಂಟೆ ನಾಲ್ಕಾಗಿತ್ತು, ಮಗಳು ಶಾಲೆಯಿಂದ ಬರುವ ಹೊತ್ತು. ಒಗೆದು ಮೂರು ದಿನವಾದರೂ ಒಣಗದ ಅವಳ ಇನ್ನೊಂದು ಯೂನಿಫಾರ್ಮು ಒಲೆಯ ಮೇಲಿನ ಕೋಲಿನಲ್ಲಿತ್ತು. ಎದ್ದು ಅದನ್ನು ಮಗುಚಿ ಹಾಕಿದೆ.